ಬೇಲಿಗೂ ಬೇಕು ಕಾವಲು: ಮಾಹಿತಿ ಆಯೋಗದ ವಿರುದ್ಧದ ದೂರುಗಳು ಮತ್ತು ಸ್ವತಂತ್ರ ಮೇಲ್ವಿಚಾರಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಗ್ರಾಮ ಪಂಚಾಯಿತಿಯ ಸದಸ್ಯರಷ್ಟು ಕಣ್ಣುಗಳ ನಡುವೆ ಕೆಲಸ ಮಾಡುವ ಜನಪ್ರತಿನಿಧಿಗಳು ವಿರಳ. ಕಾಮಗಾರಿಯ ಲೆಕ್ಕವನ್ನು ಗ್ರಾಮಸಭೆ ಕೇಳುತ್ತದೆ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯನ್ನು ಸಾಮಾಜಿಕ ಲೆಕ್ಕಪರಿಶೋಧನಾ ತಂಡ ಮನೆಮನೆಗೆ ಹೋಗಿ ತಾಳೆ ನೋಡುತ್ತದೆ. ವಾರ್ಷಿಕ ಜಮಾ-ಖರ್ಚನ್ನು ಲೆಕ್ಕಪರಿಶೋಧಕರು ತಪಾಸಣೆ ಮಾಡುತ್ತಾರೆ. ದುರ್ನಡತೆ ಸಾಬೀತಾದರೆ ಸದಸ್ಯತ್ವವನ್ನೇ ಕಳೆಯುವ ಅವಕಾಶ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲಿದೆ. ಇವೆಲ್ಲದರ ಜೊತೆಗೆ, ಹತ್ತು ರೂಪಾಯಿ ಶುಲ್ಕ ಕಟ್ಟಿದ ಯಾವ ನಾಗರಿಕನೂ ಪಂಚಾಯಿತಿಯ ಕಡತದ ಪ್ರತಿಯನ್ನು ಹಕ್ಕಿನಿಂದ ಕೇಳಬಹುದು. ಕೊಡದಿದ್ದರೆ ರಾಜ್ಯ ಮಾಹಿತಿ ಆಯೋಗದ ಮುಂದೆ ಪಂಚಾಯಿತಿ ಉತ್ತರ ಹೇಳಬೇಕು.

ಹೀಗೆ ಎಲ್ಲರಿಗೂ ಉತ್ತರ ಹೇಳಿ ಅಭ್ಯಾಸವಿರುವ ಸದಸ್ಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಉತ್ತರ ಕೇಳುವ ಆಯೋಗವು ತಾನು ಯಾರಿಗೆ ಉತ್ತರ ಹೇಳುತ್ತದೆ? ಆಯೋಗದ ಆದೇಶದಿಂದ, ವಿಳಂಬದಿಂದ ಅಥವಾ ನಡತೆಯಿಂದ ಅನ್ಯಾಯವಾಯಿತೆಂದು ನಾಗರಿಕನಿಗೋ ಪಂಚಾಯಿತಿಯ ಅಧಿಕಾರಿಗೋ ಅನ್ನಿಸಿದರೆ, ದೂರು ಯಾರ ಬಳಿಗೆ ಹೋಗಬೇಕು? ಆ ದೂರನ್ನು ಕೇಳುವವರು ಆಯೋಗದಿಂದಲೂ ಸರ್ಕಾರದಿಂದಲೂ ದೂರ ನಿಂತವರೆ? ಈ ಉಪನ್ಯಾಸದ ವಿಷಯ ಇಷ್ಟೇ. ವಿಷಯ ಚಿಕ್ಕದು, ಅದರ ಪರಿಣಾಮ ಹಳ್ಳಿಯ ಬಡ ಮನೆಯವರೆಗೂ ಮುಟ್ಟುತ್ತದೆ.

ಎರಡು ಪ್ರಸಂಗಗಳು

ವಿಷಯವನ್ನು ಸ್ಪಷ್ಟಪಡಿಸಲು ಎರಡು ಕಾಲ್ಪನಿಕ ಪ್ರಸಂಗಗಳನ್ನು ಎದುರಿಗಿಟ್ಟುಕೊಳ್ಳಬಹುದು.

ಮೊದಲನೆಯದು: ಕೂಲಿ ಮಾಡಿ ಬದುಕುವ ಒಬ್ಬ ವಿಧವೆ. ವಸತಿ ಯೋಜನೆಯ ಪಟ್ಟಿಯಲ್ಲಿದ್ದ ತನ್ನ ಹೆಸರು ಅಂತಿಮ ಪಟ್ಟಿಯಲ್ಲಿ ಏಕೆ ಇಲ್ಲವೆಂದು ತಿಳಿಯಲು ಆಕೆ ಅರ್ಜಿ ಸಲ್ಲಿಸುತ್ತಾಳೆ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ. ಪ್ರಥಮ ಮೇಲ್ಮನವಿಗೂ ಆದೇಶವಿಲ್ಲ. ತೊಂಬತ್ತು ದಿನಗಳ ಅವಧಿಯೊಳಗೆ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹೋಗುತ್ತದೆ. ಸಂಖ್ಯೆಯೊಂದು ದೊರೆಯುತ್ತದೆ, ವಿಚಾರಣೆಯ ದಿನ ಮಾತ್ರ ದೊರೆಯುವುದಿಲ್ಲ. ಮಳೆಗಾಲಗಳು ಕಳೆಯುತ್ತವೆ. ಕೊನೆಗೆ ಆಕೆಯ ಸರದಿ ಬರುವ ವೇಳೆಗೆ ಆ ಸಾಲಿನ ಮನೆಗಳೆಲ್ಲ ಹಂಚಿಕೆಯಾಗಿ, ಸೋರುವ ಸೂರು ಅವಳ ಪಾಲಿಗೆ ಉಳಿದಿರುತ್ತದೆ. ಆಮೇಲೆ ಮಾಹಿತಿ ಸಿಕ್ಕರೂ ಅದು ಕಾಗದವಾಗಿಯೇ ಉಳಿಯುತ್ತದೆ.

ಎರಡನೆಯದು: ವರ್ಗಾವಣೆಗೊಂಡು ಬೇರೆ ತಾಲ್ಲೂಕಿಗೆ ಹೋದ ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವಿಚಾರಣೆಯ ನೋಟಿಸು ಹಳೆಯ ಕಚೇರಿಗೆ ಬಂದು ಅಲ್ಲಿಯೇ ಉಳಿಯುತ್ತದೆ. ಗೈರುಹಾಜರಿಯಲ್ಲಿ ದಂಡ ವಿಧಿಸಿದ ಆದೇಶ ಹೊರಬೀಳುತ್ತದೆ. ವೇತನದಿಂದ ಹಣ ಕಡಿತವಾದಾಗ ಮಾತ್ರ ವಿಷಯ ಅವರ ಗಮನಕ್ಕೆ ಬರುತ್ತದೆ.

ಒಬ್ಬರು ಅರ್ಜಿದಾರರು, ಇನ್ನೊಬ್ಬರು ಅರ್ಜಿಗೆ ಉತ್ತರಿಸಬೇಕಾದವರು. ಇಬ್ಬರ ಹಿತಗಳು ಪರಸ್ಪರ ವಿರುದ್ಧ. ಆದರೂ ಇಬ್ಬರ ಕೊರಗು ಒಂದೇ ಬಾಗಿಲಿನ ಮುಂದೆ ಬಂದು ನಿಲ್ಲುತ್ತದೆ. ಆಯೋಗದ ಮೇಲಿನ ಮೇಲ್ವಿಚಾರಣೆ ಅರ್ಜಿದಾರರ ಪರವೂ ಅಲ್ಲ, ಅಧಿಕಾರಿಗಳ ಪರವೂ ಅಲ್ಲ. ಅದು ನ್ಯಾಯದ ಪರವಾದುದು ಎಂಬುದನ್ನು ಸದಸ್ಯರು ಮೊದಲು ಮನಗಾಣಬೇಕು.

ಆಯೋಗದ ಸ್ಥಾನ

ಮಾಹಿತಿ ಹಕ್ಕು ಅಧಿನಿಯಮ, 2005 ಆ ವರ್ಷದ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಕರ್ನಾಟಕವು ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಆದ ಮಾಹಿತಿ ಹಕ್ಕು ಕಾನೂನನ್ನು ರೂಪಿಸಿಕೊಂಡಿದ್ದ ರಾಜ್ಯ. ಕೇಂದ್ರ ಅಧಿನಿಯಮದ ಪ್ರಕರಣ 15ರಂತೆ ರಾಜ್ಯ ಮುಖ್ಯ ಮಾಹಿತಿ ಆಯುಕ್ತರು ಹಾಗೂ ಹತ್ತಕ್ಕೆ ಮೀರದಷ್ಟು ಆಯುಕ್ತರು ಆಯೋಗದಲ್ಲಿರುತ್ತಾರೆ. ಮುಖ್ಯಮಂತ್ರಿ, ವಿಧಾನಸಭೆಯ ವಿರೋಧ ಪಕ್ಷದ ನಾಯಕ ಮತ್ತು ಮುಖ್ಯಮಂತ್ರಿ ಸೂಚಿಸುವ ಒಬ್ಬ ಸಂಪುಟ ಸಚಿವ ಇರುವ ಸಮಿತಿಯ ಶಿಫಾರಸಿನ ಮೇಲೆ ರಾಜ್ಯಪಾಲರು ಅವರನ್ನು ನೇಮಿಸುತ್ತಾರೆ. ಆಯೋಗದ ಕಚೇರಿ ಬೆಂಗಳೂರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿದೆ. ಬೆಳಗಾವಿ ಮತ್ತು ಕಲಬುರಗಿಗಳಲ್ಲಿ ಪೀಠಗಳಿವೆ.

ಆಯೋಗದ ಕೈಯಲ್ಲಿರುವ ಅಧಿಕಾರ ಚಿಕ್ಕದಲ್ಲ. ಮಾಹಿತಿ ನೀಡುವಂತೆ ಆದೇಶಿಸಬಹುದು. ತಪ್ಪಿತಸ್ಥ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ಅರ್ಜಿದಾರರಿಗಾದ ನಷ್ಟಕ್ಕೆ ಪರಿಹಾರ ಕೊಡುವಂತೆ ಸಾರ್ವಜನಿಕ ಪ್ರಾಧಿಕಾರಕ್ಕೆ, ಅಂದರೆ ಪಂಚಾಯಿತಿಗೇ, ನಿರ್ದೇಶನ ನೀಡಬಹುದು. ಪ್ರಕರಣ 19(7)ರಂತೆ ಆಯೋಗದ ತೀರ್ಮಾನ ಎಲ್ಲರಿಗೂ ಬದ್ಧ. ಪ್ರಕರಣ 23ರಂತೆ ಆ ಆದೇಶದ ವಿರುದ್ಧ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಇಷ್ಟು ಅಧಿಕಾರವಿರುವ ಸಂಸ್ಥೆಗೆ ಹೊರಗಿನ ನೋಟವೊಂದು ಬೇಕೆಂಬುದು ಆಯೋಗದ ಮೇಲಿನ ಅಪನಂಬಿಕೆಯಲ್ಲ. ಅಧಿಕಾರವಿರುವ ಕಡೆಯಲ್ಲೆಲ್ಲ ಅನ್ವಯಿಸುವ ಹಳೆಯ ನಿಯಮವದು.

ಆದೇಶದ ದೂರು ಬೇರೆ, ನಡತೆಯ ದೂರು ಬೇರೆ

ಆಯೋಗದ ವಿರುದ್ಧದ ದೂರುಗಳಲ್ಲಿ ಎರಡು ಬಗೆ. ಆಯೋಗ ನೀಡಿದ ತೀರ್ಮಾನ ತಪ್ಪು ಎಂಬುದು ಒಂದು. ಆಯೋಗ ಅಥವಾ ಆಯುಕ್ತರು ನಡೆದುಕೊಂಡ ರೀತಿ ತಪ್ಪು ಎಂಬುದು ಇನ್ನೊಂದು. ವಿಪರೀತ ವಿಳಂಬ, ಅಗೌರವದ ಮಾತು, ನೋಟಿಸು ತಲುಪಿಸದಿರುವುದು, ಕಡತ ಕಳೆಯುವುದು, ಪಕ್ಷಪಾತ, ಲಂಚ, ಇವೆಲ್ಲ ಎರಡನೆಯ ಬಗೆಗೆ ಸೇರುತ್ತವೆ. ಈ ಭೇದ ತಿಳಿಯದೆ ಅನೇಕರು ತಪ್ಪು ಬಾಗಿಲು ತಟ್ಟಿ ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ಮೊದಲ ಬಗೆಯ ದೂರಿಗೆ ಬಾಗಿಲು ಉಂಟು. ಸಿವಿಲ್ ನ್ಯಾಯಾಲಯಕ್ಕೆ ತಡೆಯಿದ್ದರೂ, ಸಂವಿಧಾನದ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕಿರುವ ರಿಟ್ ಅಧಿಕಾರವನ್ನು ಯಾವ ಅಧಿನಿಯಮವೂ ಕಸಿಯಲಾರದು. ಬೆಂಗಳೂರಿನ ಪ್ರಧಾನ ಪೀಠದಲ್ಲಿ, ಅಥವಾ ವ್ಯಾಪ್ತಿಗೆ ತಕ್ಕಂತೆ ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿ, ಅರ್ಜಿದಾರರೂ ಅಧಿಕಾರಿಯೂ ರಿಟ್ ಅರ್ಜಿ ಸಲ್ಲಿಸಬಹುದು. ಮೇಲ್ಮನವಿಯನ್ನು ನಿಗದಿತ ಅವಧಿಯಲ್ಲಿ ಇತ್ಯರ್ಥಪಡಿಸುವಂತೆ ಆಯೋಗಕ್ಕೆ ನಿರ್ದೇಶನ ಕೋರಲೂ ಅವಕಾಶವಿದೆ.

ಈ ಬಾಗಿಲಿನಿಂದ ಬಂದ ಎರಡು ತೀರ್ಪುಗಳು ಪಂಚಾಯಿತಿಗಳಿಗೆ ನೇರವಾಗಿ ಸಂಬಂಧಿಸಿವೆ. ಮಣಿಪುರ ರಾಜ್ಯಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣ 18ರ ದೂರು ಮತ್ತು ಪ್ರಕರಣ 19ರ ಮೇಲ್ಮನವಿ ಬೇರೆ ಬೇರೆ ಎಂದು ಹೇಳಿತು. ದೂರಿನ ಮೇಲೆ ಆಯೋಗ ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿಸಲಾರದು. ಮಾಹಿತಿಯೇ ಬೇಕಾದವರು ಮೇಲ್ಮನವಿಯ ದಾರಿಯಲ್ಲಿಯೇ ಹೋಗಬೇಕು. ಮಹಾರಾಷ್ಟ್ರದ ಒಬ್ಬ ಮಾಹಿತಿ ಅಧಿಕಾರಿ ಹೂಡಿದ ಮೊಕದ್ದಮೆಯಲ್ಲಿ, 2012ರಲ್ಲಿ, ಅಧಿಕಾರಿಯ ವಿರುದ್ಧ ಕ್ರಮಕ್ಕೆ ಶಿಫಾರಸು ಮಾಡುವ ಮುನ್ನ ಆಯೋಗ ಅವರ ಅಹವಾಲು ಕೇಳಬೇಕು, ಪ್ರಕರಣ 20ರಲ್ಲಿ ಹೇಳಿದ ತಪ್ಪುಗಳಲ್ಲಿ ಯಾವುದು ಸಾಬೀತಾಯಿತೆಂದು ಕಾರಣಸಹಿತ ದಾಖಲಿಸಬೇಕು ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಕಾಲ್ಪನಿಕ ಪ್ರಸಂಗದ ಅಭಿವೃದ್ಧಿ ಅಧಿಕಾರಿಗೆ ರಕ್ಷಣೆ ಇರುವುದು ಇಲ್ಲಿ.

ಆದರೆ ಈ ಬಾಗಿಲು ಎತ್ತರದಲ್ಲಿದೆ. ವಕೀಲರ ಶುಲ್ಕ, ನಗರಕ್ಕೆ ಹೋಗಿಬರುವ ಖರ್ಚು, ಕಳೆದುಹೋಗುವ ಕೂಲಿ, ಇವನ್ನು ಕಾಲ್ಪನಿಕ ಪ್ರಸಂಗದ ಆ ವಿಧವೆ ಹೇಗೆ ಭರಿಸಿಯಾಳು? ಹತ್ತು ರೂಪಾಯಿಯಿಂದ ಆರಂಭವಾದ ಹಕ್ಕು ಕೊನೆಯ ಮೆಟ್ಟಿಲಲ್ಲಿ ಸಾವಿರಾರು ರೂಪಾಯಿ ಕೇಳುತ್ತದೆ.

ನಡತೆಯ ದೂರಿಗೆ ಇರುವ ಬಾಗಿಲುಗಳು

ಎರಡನೆಯ ಬಗೆಯ ದೂರಿಗೆ ಅಧಿನಿಯಮದ ಪ್ರಕರಣ 17 ಒಂದು ಕಟ್ಟುನಿಟ್ಟಾದ ದಾರಿಯನ್ನು ಹಾಕಿಕೊಟ್ಟಿದೆ. ದುರ್ನಡತೆ ಅಥವಾ ಅಸಾಮರ್ಥ್ಯದ ಆಧಾರದ ಮೇಲೆ ಆಯುಕ್ತರನ್ನು ತೆಗೆಯಬೇಕಾದರೆ ರಾಜ್ಯಪಾಲರು ವಿಷಯವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಬೇಕು, ನ್ಯಾಯಾಲಯ ವಿಚಾರಣೆ ನಡೆಸಿ ವರದಿ ನೀಡಬೇಕು, ಆಮೇಲಷ್ಟೇ ತೆಗೆಯಬಹುದು. ವಿಷಯ ನ್ಯಾಯಾಲಯಕ್ಕೆ ಹೋದ ಬಳಿಕ ವಿಚಾರಣೆಯ ಅವಧಿಯಲ್ಲಿ ಆಯುಕ್ತರನ್ನು ಅಮಾನತಿನಲ್ಲಿಡಲು ರಾಜ್ಯಪಾಲರಿಗೆ ಅಧಿಕಾರವಿದೆ. ದಿವಾಳಿತನ, ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆ, ಅವಧಿಯಲ್ಲಿ ಬೇರೆಡೆ ಸಂಬಳದ ಕೆಲಸ, ಕರ್ತವ್ಯಕ್ಕೆ ಬಾಧಕವಾಗುವ ಹಣಕಾಸಿನ ಹಿತಾಸಕ್ತಿ ಮುಂತಾದ ಕೆಲವೇ ಕಾರಣಗಳಿಗೆ ಈ ವಿಚಾರಣೆಯಿಲ್ಲದೆಯೂ ರಾಜ್ಯಪಾಲರು ತೆಗೆಯಬಹುದು. ಲಂಚದ ಆರೋಪವಾದರೆ ಭ್ರಷ್ಟಾಚಾರ ನಿಯಂತ್ರಣ ಅಧಿನಿಯಮ, 1988 ಇತರ ಸಾರ್ವಜನಿಕ ನೌಕರರಿಗೆ ಅನ್ವಯಿಸುವಂತೆಯೇ ಆಯುಕ್ತರಿಗೂ ಅನ್ವಯಿಸುತ್ತದೆ. ರಾಜ್ಯದಲ್ಲಿ ಅದರ ತನಿಖೆ ಲೋಕಾಯುಕ್ತ ಪೊಲೀಸರದು.

ಈ ದಾರಿ ಸ್ವತಂತ್ರವಾದುದು, ಘನವಾದುದು. ಆದರೆ ಅದು ಹೆಬ್ಬಾಗಿಲು. ಆಯುಕ್ತರನ್ನು ಪದಚ್ಯುತಗೊಳಿಸುವಂಥ ಗುರುತರ ತಪ್ಪಿಗೆ ಮಾತ್ರ ತೆರೆಯುತ್ತದೆ. ಮೂರು ಬಾರಿ ವಿಚಾರಣೆ ಮುಂದೂಡಲಾಯಿತು, ಹಾಜರಾದ ಮುದುಕನನ್ನು ಗದರಿಸಿ ಕಳಿಸಲಾಯಿತು, ಸಲ್ಲಿಸಿದ ದಾಖಲೆ ಕಡತ ಸೇರಲೇ ಇಲ್ಲ ಎಂಬಂಥ ದಿನನಿತ್ಯದ ದೂರುಗಳಿಗೆ ಸರ್ವೋಚ್ಚ ನ್ಯಾಯಾಲಯದ ವಿಚಾರಣೆ ಎಲ್ಲಿಯ ಮಾತು? ನಾಗರಿಕನೊಬ್ಬ ರಾಜ್ಯಪಾಲರಿಗೆ ದೂರು ಕಳುಹಿಸಿದರೆ ಅದನ್ನು ಯಾರು, ಎಷ್ಟು ದಿನಗಳಲ್ಲಿ, ಯಾವ ಕ್ರಮದಲ್ಲಿ ಪರಿಶೀಲಿಸಬೇಕೆಂದು ಅಧಿನಿಯಮ ಹೇಳುವುದಿಲ್ಲ.

ಇಂಥ ಸಾಮಾನ್ಯ ದೂರುಗಳಿಗೆ ಉಳಿಯುವ ದಾರಿ ಒಂದೇ. ಪ್ರಕರಣ 15(4)ರಂತೆ ಆಯೋಗದ ವ್ಯವಹಾರಗಳ ಸಾಮಾನ್ಯ ಮೇಲ್ವಿಚಾರಣೆ ರಾಜ್ಯ ಮುಖ್ಯ ಮಾಹಿತಿ ಆಯುಕ್ತರದು. ಆದ್ದರಿಂದ ದೂರು ಅವರಿಗೆ ಹೋಗುತ್ತದೆ. ಅದು ತಪ್ಪಲ್ಲ, ಯಾವ ಮನೆಯ ಜಗಳವನ್ನಾದರೂ ಮೊದಲು ಮನೆಯ ಹಿರಿಯರೇ ಕೇಳಬೇಕು. ಆದರೆ ದೂರು ಆ ಹಿರಿಯರ ಮೇಲೆಯೇ ಇದ್ದರೆ, ಅಥವಾ ಅವರ ಉತ್ತರ ಸಮಾಧಾನ ತರದಿದ್ದರೆ, ಮುಂದಿನ ಮೆಟ್ಟಿಲೇ ಇಲ್ಲ. ಒಳಗಿನ ಕಿರುಬಾಗಿಲು ಮತ್ತು ಹೊರಗಿನ ಹೆಬ್ಬಾಗಿಲು, ಇವೆರಡರ ನಡುವೆ ಖಾಲಿ ಗೋಡೆ. ಸ್ವತಂತ್ರ ಮೇಲ್ವಿಚಾರಣೆಯ ಕೊರತೆ ಎಂದರೆ ಈ ಖಾಲಿ ಗೋಡೆಯೇ.

ತನ್ನ ಮೇಲಿನ ಮನವಿಗೆ ತಾನೇ ತೀರ್ಪುಗಾರ

ಈ ಕೊರತೆ ಒಂದು ಕಡೆ ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ಮಾಹಿತಿ ಆಯೋಗವೂ ಕಾನೂನಿನಡಿ ಸ್ಥಾಪಿತವಾದ ಸಾರ್ವಜನಿಕ ಪ್ರಾಧಿಕಾರವೇ. ಅದಕ್ಕೂ ಸಾರ್ವಜನಿಕ ಮಾಹಿತಿ ಅಧಿಕಾರಿ ಇರುತ್ತಾರೆ. ಎಷ್ಟು ಮೇಲ್ಮನವಿಗಳು ಬಾಕಿ ಇವೆ, ಯಾವ ಕ್ರಮದಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಾಗುತ್ತದೆ, ಆಯುಕ್ತರ ವಿರುದ್ಧ ಎಷ್ಟು ದೂರುಗಳು ಬಂದಿವೆ ಎಂದು ನಾಗರಿಕರು ಆಯೋಗವನ್ನೇ ಕೇಳಬಹುದು. ಆ ಮಾಹಿತಿ ನಿರಾಕರಿಸಿದರೆ ಪ್ರಥಮ ಮೇಲ್ಮನವಿ ಆಯೋಗದೊಳಗಿನ ಹಿರಿಯ ಅಧಿಕಾರಿಗೆ. ಅಲ್ಲಿಯೂ ನಿರಾಕರಿಸಿದರೆ ಎರಡನೆಯ ಮೇಲ್ಮನವಿ ಅದೇ ಆಯೋಗಕ್ಕೆ!

ಗ್ರಾಮ ಪಂಚಾಯಿತಿಯ ಕಾಮಗಾರಿಯನ್ನು ಅದೇ ಪಂಚಾಯಿತಿ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿಕೊಳ್ಳುತ್ತದೆ ಎಂದರೆ ಯಾವ ಗ್ರಾಮಸಭೆ ಒಪ್ಪೀತು? ಕೆಲಸ ಮಾಡಿದವರು ಬೇರೆ, ತಪಾಸಣೆ ಮಾಡುವವರು ಬೇರೆ ಇರಬೇಕೆಂಬುದನ್ನು ಹಳ್ಳಿಯ ಸದಸ್ಯರು ಅನುಭವದಿಂದ ಅರಿತವರು. ಉದ್ಯೋಗ ಖಾತರಿ ಯೋಜನೆಯಲ್ಲಿ ಜಿಲ್ಲೆಗೊಬ್ಬ ಓಂಬುಡ್ಸ್‌ಮನ್ ಇರಬೇಕೆಂಬ ಏರ್ಪಾಡು ಬಂದುದೂ ಇದೇ ತತ್ತ್ವದ ಮೇಲೆ. ಕೂಲಿಕಾರರ ದೂರಿಗೆ ಸಲ್ಲುವ ತತ್ತ್ವ ಮೇಲ್ಮನವಿದಾರರ ದೂರಿಗೆ ಸಲ್ಲಬಾರದೆನ್ನಲು ಕಾರಣವಿಲ್ಲ.

ವಿಳಂಬವೆಂಬ ನಿರಾಕರಣೆ

ಬೇಲಿಯೇ ಹೊಲ ಮೇಯುವ ಮಾತು ಗಾದೆಯಲ್ಲಿ ಪ್ರಸಿದ್ಧ. ವಾಸ್ತವದಲ್ಲಿ ಬೇಲಿ ಹೊಲ ಮೇಯುವುದು ಅಪರೂಪ. ದುರಸ್ತಿಯಿಲ್ಲದೆ ಒರಗಿ ಬೀಳುವುದೇ ಹೆಚ್ಚು. ಮಾಹಿತಿ ಆಯೋಗಗಳ ಬಗ್ಗೆ ದೇಶದೆಲ್ಲೆಡೆ ಕೇಳಿಬರುವ ಮುಖ್ಯ ದೂರು ಭ್ರಷ್ಟಾಚಾರದ್ದಲ್ಲ, ವಿಳಂಬದ್ದು. ಮಾಹಿತಿ ಅಧಿಕಾರಿಗೆ ಮೂವತ್ತು ದಿನ, ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೂವತ್ತು, ಹೆಚ್ಚೆಂದರೆ ನಲವತ್ತೈದು ದಿನ ಎಂದು ಅಧಿನಿಯಮ ಕಾಲಮಿತಿ ಹಾಕಿದೆ. ಆಯೋಗ ಎರಡನೆಯ ಮೇಲ್ಮನವಿಯನ್ನು ಎಷ್ಟು ದಿನಗಳಲ್ಲಿ ತೀರ್ಮಾನಿಸಬೇಕೆಂದು ಮಾತ್ರ ಅದು ಹೇಳಿಲ್ಲ. ಕೆಳಗಿನವರಿಗೆ ಗಡಿಯಾರ, ಮೇಲಿನವರಿಗೆ ಗಡಿಯಾರವಿಲ್ಲ.

ವಿಳಂಬದ ಹೊಣೆಯನ್ನು ಪೂರ್ತಿಯಾಗಿ ಆಯುಕ್ತರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಆಯುಕ್ತರ ಸ್ಥಾನಗಳು ತಿಂಗಳುಗಟ್ಟಲೆ ಖಾಲಿ ಬಿದ್ದಾಗ ಇದ್ದವರ ಮೇಲೆ ಹೊರೆ ಬೀಳುತ್ತದೆ. 2019ರ ಫೆಬ್ರವರಿ 15ರಂದು ಅಂಜಲಿ ಭಾರದ್ವಾಜ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಾನ ತೆರವಾಗುವ ಮೊದಲೇ ಆಯ್ಕೆ ಪ್ರಕ್ರಿಯೆ ಆರಂಭಿಸಬೇಕು, ನಿವೃತ್ತ ಅಧಿಕಾರಿಗಳನ್ನಷ್ಟೇ ಅಲ್ಲದೆ ಇತರ ಕ್ಷೇತ್ರಗಳ ಯೋಗ್ಯರನ್ನೂ ಪರಿಗಣಿಸಬೇಕು ಎಂದು ಹೇಳಿತು. ಸ್ಥಾನ ತುಂಬುವ ಹೊಣೆ ಸರ್ಕಾರದ್ದು. ಆದ್ದರಿಂದಲೇ ವಿಳಂಬದ ದೂರನ್ನು ಕೇಳುವ ವ್ಯವಸ್ಥೆ ಆಯೋಗದೊಳಗೂ ಇರಬಾರದು, ಸರ್ಕಾರದೊಳಗೂ ಇರಬಾರದು. ಎರಡರ ತಪ್ಪನ್ನೂ ಬೇರೆ ಬೇರೆಯಾಗಿ ತೂಗಿ ಹೇಳಬಲ್ಲ ಮೂರನೆಯವರು ಬೇಕು.

ಖಾಸಗಿತನದ ಕಾವಲು

ಮಾಹಿತಿಯ ಇನ್ನೊಂದು ಮುಖ ಖಾಸಗಿತನ. ಈ ಹಕ್ಕಿನ ಇತಿಹಾಸದಲ್ಲಿ ಕರ್ನಾಟಕದ ಹೆಸರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿಷಯವಾಗಿ ಸಲ್ಲಿಸಿದ ಅರ್ಜಿಯಲ್ಲಿಯೇ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದರ ಬೆನ್ನಿಗೆ ನಡೆದ ದೀರ್ಘ ಚರ್ಚೆಯ ಬಳಿಕ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶ ಇಟ್ಟುಕೊಳ್ಳುವವರ ಮುಖ್ಯ ಹೊಣೆಗಾರಿಕೆಗಳು ಆ ದಿನದಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ.

ಪಂಚಾಯಿತಿಯ ಕಪಾಟಿನಲ್ಲೂ ಗಣಕಯಂತ್ರದಲ್ಲೂ ಇರುವ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಅಂಗವಿಕಲತೆಯ ಪ್ರಮಾಣಪತ್ರ, ಪಿಂಚಣಿಯ ವಿವರ, ಇವೆಲ್ಲ ಜನರ ವೈಯಕ್ತಿಕ ದತ್ತಾಂಶವೇ. ಇದಕ್ಕೆ ಸಂಬಂಧಿಸಿದ ದೂರುಗಳನ್ನು ವಿಚಾರಿಸಲು ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿ ಎಂಬ ಸಂಸ್ಥೆಯನ್ನು ಅಧಿನಿಯಮ ಕಲ್ಪಿಸಿದೆ. ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ಕೇಂದ್ರ ಸರ್ಕಾರ ನೇಮಿಸುತ್ತದೆ. ಅವಧಿ ಎರಡು ವರ್ಷ, ಮರುನೇಮಕಕ್ಕೆ ಅವಕಾಶವಿದೆ. ಮಂಡಳಿಯ ಆದೇಶದ ವಿರುದ್ಧ 60 ದಿನಗಳೊಳಗೆ ದೂರಸಂಪರ್ಕ ವಿವಾದಗಳ ಇತ್ಯರ್ಥ ಮತ್ತು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಇದು ಆದೇಶದ ದೂರಿಗೆ ಸ್ಪಷ್ಟವಾದ, ಒಳ್ಳೆಯ ಬಾಗಿಲು. ನಡತೆಯ ದೂರಿನ ಮಾತು ಬೇರೆ. ಅಧಿಕಾರದ ದುರುಪಯೋಗದ ಕಾರಣಕ್ಕೆ ಸದಸ್ಯರನ್ನು ತೆಗೆಯುವ ಅಧಿಕಾರ, ಅವರ ಅಹವಾಲು ಕೇಳಿದ ಬಳಿಕ, ನೇಮಿಸಿದ ಕೇಂದ್ರ ಸರ್ಕಾರಕ್ಕೇ ಇದೆ. ಮಾಹಿತಿ ಆಯುಕ್ತರ ವಿಷಯದಲ್ಲಿ ನಡುವೆ ನಿಂತಿರುವ ಸರ್ವೋಚ್ಚ ನ್ಯಾಯಾಲಯ ಇಲ್ಲಿಲ್ಲ. ಸರ್ಕಾರವೇ ಅತಿ ಹೆಚ್ಚು ಜನರ ದತ್ತಾಂಶವನ್ನು ಇಟ್ಟುಕೊಂಡಿರುವಾಗ, ಸರ್ಕಾರದ ವಿರುದ್ಧದ ದೂರು ಕೇಳುವವರ ಮರುನೇಮಕವೂ ಪದಚ್ಯುತಿಯೂ ಸರ್ಕಾರದ ಕೈಯಲ್ಲಿರುವುದು ಯೋಚನೆಗೆ ಎಡೆಮಾಡುತ್ತದೆ.

ಇದೇ ಅಧಿನಿಯಮ ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 8(1)(ಜೆ)ಯನ್ನೂ ತಿದ್ದಿದೆ. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿಯಿತ್ತು. 2025ರ ನವೆಂಬರ್‌ನಿಂದ ವೈಯಕ್ತಿಕ ಮಾಹಿತಿ ಎಂಬಷ್ಟೇ ಕಾರಣ ಸಾಕು. ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆಂಬ ಪ್ರಕರಣ 8(2) ಉಳಿದಿದೆ. ಫಲಾನುಭವಿಗಳ ವಿವರವನ್ನು ಸ್ವಯಂಪ್ರೇರಣೆಯಿಂದ ಪ್ರಕಟಿಸಬೇಕೆಂಬ ಪ್ರಕರಣ 4(1)(ಬಿ)ಯೂ ಉಳಿದಿದೆ. ಪರಿಣಾಮವಾಗಿ, ಯಾವುದು ಖಾಸಗಿ, ಯಾವುದು ಸಾರ್ವಜನಿಕ ಎಂದು ಗೆರೆ ಎಳೆಯುವ ಕೆಲಸ ಹಿಂದೆಂದಿಗಿಂತ ಹೆಚ್ಚಾಗಿ ಆಯೋಗದ ವಿವೇಚನೆಗೆ ಬಿದ್ದಿದೆ. ವಿವೇಚನೆ ಹೆಚ್ಚಿದಷ್ಟೂ ಅದರ ಮೇಲಿನ ಕಣ್ಣೂ ಚುರುಕಾಗಬೇಕು.

ಬ್ರಿಟನ್ನಿನಲ್ಲಿರುವ ಏರ್ಪಾಡು

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಬ್ರಿಟನ್ನಿನಲ್ಲಿ ಮಾಹಿತಿ ಹಕ್ಕು ಮತ್ತು ದತ್ತಾಂಶ ಸಂರಕ್ಷಣೆ ಎರಡನ್ನೂ ಮಾಹಿತಿ ಆಯುಕ್ತರ ಕಚೇರಿ ಎಂಬ ಒಂದೇ ಸಂಸ್ಥೆ ನೋಡಿಕೊಂಡು ಬಂದಿದೆ. ಮಾಹಿತಿ ಹಕ್ಕಿನ ವಿಷಯದಲ್ಲಿ ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 28 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹೋಗುತ್ತದೆ. ದತ್ತಾಂಶದ ದೂರನ್ನು ಮೂರು ತಿಂಗಳಾದರೂ ಮುಂದುವರಿಸದಿದ್ದರೆ, ಕ್ರಮ ಜರುಗಿಸುವಂತೆ ಆದೇಶಿಸಲು ಅದೇ ನ್ಯಾಯಮಂಡಳಿಯನ್ನು ಕೇಳಬಹುದೆಂದು 2018ರ ಕಾನೂನು ಹೇಳಿತು. ಇನ್ನು ಕಚೇರಿಯ ನಡತೆ, ವಿಳಂಬ, ಸೇವಾಲೋಪಗಳ ದೂರು. ಅದನ್ನು ಮೊದಲು ಕಚೇರಿಗೇ ಕೊಡಬೇಕು. ಸಮಾಧಾನವಾಗದಿದ್ದರೆ ತಮ್ಮ ಸಂಸತ್ ಸದಸ್ಯರ ಮೂಲಕ ಸಂಸದೀಯ ಓಂಬುಡ್ಸ್‌ಮನ್‌ಗೆ ಒಯ್ಯಬಹುದು. 1967ರ ಕಾನೂನಿನಿಂದ ಹುಟ್ಟಿದ ಈ ಸ್ಥಾನ ಸರ್ಕಾರಕ್ಕಲ್ಲ, ಸಂಸತ್ತಿಗೆ ವರದಿ ಮಾಡುತ್ತದೆ.

ಓಂಬುಡ್ಸ್‌ಮನ್ ಆಯುಕ್ತರ ತೀರ್ಮಾನವನ್ನು ಬದಲಿಸುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. ಆಡಳಿತ ಸರಿಯಾಗಿ ನಡೆಯಿತೆ ಎಂದಷ್ಟೇ ನೋಡಿ, ಲೋಪವಿದ್ದರೆ ಕ್ಷಮೆ, ಪರಿಹಾರ, ತಿದ್ದುಪಡಿಗಳಿಗೆ ಶಿಫಾರಸು ಮಾಡುತ್ತದೆ. ಆ ಏರ್ಪಾಡಿನಲ್ಲಿಯೂ ಕುಂದುಗಳಿವೆ. ಸಂಸತ್ ಸದಸ್ಯರ ಮೂಲಕವೇ ಹೋಗಬೇಕೆಂಬ ಕಟ್ಟಳೆಯ ಬಗ್ಗೆ ಅಲ್ಲಿಯೇ ಬಹುಕಾಲದಿಂದ ಆಕ್ಷೇಪವಿದೆ. ಆದರೂ ಕಿರುಬಾಗಿಲಿಗೂ ಹೆಬ್ಬಾಗಿಲಿಗೂ ನಡುವೆ ಸಾಮಾನ್ಯ ಜನ ದಾಟಬಹುದಾದ ಇನ್ನೊಂದು ಬಾಗಿಲನ್ನು ಇಡಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಸ್ವಾತಂತ್ರ್ಯಕ್ಕೆ ಧಕ್ಕೆಯಾಗದೆ?

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಆಯೋಗದ ಮೇಲೆ ಇನ್ನೊಬ್ಬರನ್ನು ಕೂರಿಸಿದರೆ ಆಯೋಗದ ಸ್ವಾತಂತ್ರ್ಯ ಉಳಿದೀತೆ? ಪ್ರಭಾವಿಗಳ ಕಡತ ಹೊರಗೆಳೆದ ಆಯುಕ್ತರ ಮೇಲೆ ದೂರಿನ ಸುರಿಮಳೆಯಾಗದೆ? ಈ ಭಯ ಹುರುಳಿಲ್ಲದ್ದಲ್ಲ. ಆಯುಕ್ತರ ಅವಧಿ ಮೊದಲು ಅಧಿನಿಯಮದಲ್ಲಿಯೇ ಐದು ವರ್ಷವೆಂದು ಸ್ಥಿರವಾಗಿತ್ತು. 2019ರ ತಿದ್ದುಪಡಿಯ ಬಳಿಕ ಅವಧಿಯನ್ನೂ ವೇತನವನ್ನೂ ಕೇಂದ್ರ ಸರ್ಕಾರ ನಿಯಮಗಳ ಮೂಲಕ ಗೊತ್ತುಪಡಿಸುತ್ತದೆ; ನಿಯಮದಂತೆ ಈಗಿನ ಅವಧಿ ಮೂರು ವರ್ಷ. ಸ್ವಾತಂತ್ರ್ಯದ ಗೋಡೆ ಹೀಗೆ ತೆಳುವಾದ ಮೇಲೆ ಇನ್ನೊಂದು ಕಡೆಯಿಂದ ಒತ್ತಡ ಸೇರಬಾರದು.

ಆದುದರಿಂದಲೇ ಮೇಲ್ವಿಚಾರಣೆಗೆ ಮೂರು ಮಿತಿಗಳು ಅಗತ್ಯ. ಅದು ಆದೇಶದ ಸರಿತಪ್ಪಿಗೆ ಕೈ ಹಾಕಬಾರದು. ಅದು ನ್ಯಾಯಾಲಯದ ಕೆಲಸ. ಅದನ್ನು ನಡೆಸುವವರು ಸರ್ಕಾರದ ಅಧೀನರಾಗಿರದೆ ಶಾಸನಸಭೆಗೆ ಉತ್ತರ ಹೇಳುವವರಾಗಿರಬೇಕು. ದೂರು ನೀಡಿದವರಿಗೆ ಗೊತ್ತಾದ ಅವಧಿಯೊಳಗೆ ಕಾರಣಸಹಿತ ಉತ್ತರ ದೊರೆಯಬೇಕು. ಈ ಮಿತಿಗಳೊಳಗಿನ ಮೇಲ್ವಿಚಾರಣೆ ಪ್ರಾಮಾಣಿಕ ಆಯುಕ್ತರಿಗೆ ಅಡ್ಡಿಯಾಗುವುದಿಲ್ಲ. ಸುಳ್ಳು ದೂರಿನಿಂದ ಅವರನ್ನು ಬಿಡಿಸುವುದೂ ಅದೇ. ವಿಚಾರಣೆಯೇ ಇಲ್ಲದ ಕಡೆ ಆರೋಪ ಗಾಳಿಮಾತಾಗಿ ಹರಡುತ್ತದೆ. ವಿಚಾರಣೆಯಿದ್ದ ಕಡೆ ನಿರ್ದೋಷಿಗೆ ಬಿಡುಗಡೆ ಸಿಗುತ್ತದೆ.

ಸದಸ್ಯರು ಮಾಡಬಹುದಾದುದು

ಅಧಿನಿಯಮ ತಿದ್ದುವ ಅಧಿಕಾರ ಗ್ರಾಮ ಪಂಚಾಯಿತಿಗಿಲ್ಲ. ಆದರೂ ಸದಸ್ಯರ ಕೈಯಲ್ಲಿ ಕೆಲವು ಕೆಲಸಗಳಿವೆ.

ಮೊದಲನೆಯದು, ಸ್ವಂತ ಅಂಗಳದ ಸ್ವಚ್ಛತೆ. ಪ್ರಕರಣ 4(1)(ಬಿ)ಯಡಿ ಫಲಾನುಭವಿಗಳ ಪಟ್ಟಿ, ಕಾಮಗಾರಿ ವಿವರ, ಜಮಾ-ಖರ್ಚುಗಳನ್ನು ಸೂಚನಾ ಫಲಕದಲ್ಲಿ ಕಾಲಕಾಲಕ್ಕೆ ಪ್ರಕಟಿಸಿದರೆ ಬಹಳಷ್ಟು ಅರ್ಜಿಗಳು ಹುಟ್ಟುವುದೇ ಇಲ್ಲ. ಪ್ರಕಟಿಸುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕಾಯಿಲೆಯ ವಿವರಗಳನ್ನು ಮರೆಮಾಡಬೇಕು. ಆಯೋಗದ ಮೇಲೆ ಬೊಟ್ಟು ಮಾಡುವ ಬೆರಳು ಮೊದಲು ಶುದ್ಧವಾಗಿರಬೇಕು.

ಎರಡನೆಯದು, ದಾರಿ ತೋರಿಸುವುದು. ಮೇಲ್ಮನವಿ ಬಾಕಿಯಿರುವ ನಾಗರಿಕರಿಗೆ, ಆದೇಶದ ದೂರು ಉಚ್ಚ ನ್ಯಾಯಾಲಯಕ್ಕೆ, ನಡತೆಯ ದೂರು ಮೊದಲು ಮುಖ್ಯ ಮಾಹಿತಿ ಆಯುಕ್ತರಿಗೆ, ಲಂಚದ ದೂರು ಲೋಕಾಯುಕ್ತಕ್ಕೆ ಎಂದು ತಿಳಿಸಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತೋರಿಸಿದರೆ ಎತ್ತರದ ಮೆಟ್ಟಿಲು ಸ್ವಲ್ಪ ತಗ್ಗುತ್ತದೆ.

ಮೂರನೆಯದು, ದಾಖಲೆ ಇಡುವುದು. ಆಯೋಗದ ನೋಟಿಸು ಬಂದ ದಿನ, ಅದನ್ನು ವರ್ಗಾವಣೆಗೊಂಡ ಅಧಿಕಾರಿಗೆ ತಲುಪಿಸಿದ ದಿನ, ವಿಚಾರಣೆ ಮುಂದೂಡಿದ ದಿನಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ದಿನಾಂಕವಿಲ್ಲದ ದೂರು ಗೊಣಗಾಟ. ದಿನಾಂಕವಿರುವ ದೂರು ಸಾಕ್ಷ್ಯ.

ನಾಲ್ಕನೆಯದು, ಶಾಸನಸಭೆಯ ದಾರಿ. ಪ್ರಕರಣ 25ರಂತೆ ಆಯೋಗ ಪ್ರತಿವರ್ಷ ವರದಿ ಸಿದ್ಧಪಡಿಸಬೇಕು. ಅದು ವಿಧಾನಮಂಡಲದ ಮುಂದೆ ಬರುತ್ತದೆ. ಅರ್ಜಿ ಎಷ್ಟು, ಮೇಲ್ಮನವಿ ಎಷ್ಟು, ಅಧಿಕಾರಿಗಳ ಮೇಲಿನ ಶಿಸ್ತುಕ್ರಮ ಎಷ್ಟು ಎಂಬ ಲೆಕ್ಕ ಅದರಲ್ಲಿರಬೇಕೆಂದು ಅಧಿನಿಯಮ ಪಟ್ಟಿ ಮಾಡಿದೆ. ಆಯುಕ್ತರ ವಿರುದ್ಧ ಬಂದ ದೂರುಗಳು ಎಷ್ಟು, ಅವು ಏನಾದವು ಎಂಬುದು ಆ ಪಟ್ಟಿಯಲ್ಲಿಲ್ಲ. ಈ ವಿವರವನ್ನೂ ವರದಿಯಲ್ಲಿ ಸೇರಿಸಬೇಕು, ನಡತೆಯ ದೂರುಗಳಿಗೆ ಸ್ವತಂತ್ರ ವ್ಯವಸ್ಥೆ ಬೇಕು ಎಂದು ಗ್ರಾಮ ಪಂಚಾಯಿತಿ ನಿರ್ಣಯ ಅಂಗೀಕರಿಸಿ ತನ್ನ ಕ್ಷೇತ್ರದ ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಕಳುಹಿಸಬಹುದು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಆಯ್ಕೆಯಾಗುವ ಪರಿಷತ್ ಸದಸ್ಯರಿಗೆ ಮತ ನೀಡುವವರು ಇದೇ ಗ್ರಾಮ ಪಂಚಾಯಿತಿ ಸದಸ್ಯರು. ಅವರ ಮಾತಿಗೆ ಸದನದಲ್ಲಿ ಕಿವಿ ಇದೆ ಎಂಬುದನ್ನು ಮರೆಯಬಾರದು.

ಸದಸ್ಯ ಬಂಧುಗಳೆ,

ಮಾಹಿತಿ ಹಕ್ಕು ಬಂದ ಮೊದಲ ದಿನಗಳಲ್ಲಿ ಅನೇಕ ಪಂಚಾಯಿತಿಗಳಿಗೆ ಅದು ಕಿರುಕುಳವೆಂದೇ ತೋರಿತ್ತು. ಪ್ರಶ್ನೆಗೆ ಒಳಗಾಗುವುದರಿಂದ ಪಂಚಾಯಿತಿಯ ಗೌರವ ಕುಂದುವುದಿಲ್ಲ, ಹೆಚ್ಚುತ್ತದೆ ಎಂಬುದು ಕ್ರಮೇಣ ಅನುಭವಕ್ಕೆ ಬಂದಿದೆ. ಪಂಚಾಯಿತಿಗೆ ನಿಜವಾದ ಈ ಮಾತು ಆಯೋಗಕ್ಕೂ ಮಂಡಳಿಗೂ ನಿಜ. ಸೂರಿಗಾಗಿ ಅರ್ಜಿ ಹಾಕಿ ಕಾಯುವ ಹೆಣ್ಣುಮಗಳಿಗೆ ಮಾಹಿತಿ ಸೌಧವೂ ಪಂಚಾಯಿತಿ ಕಚೇರಿಯೂ ಒಂದೇ ಸರ್ಕಾರದ ಎರಡು ಕಿಟಕಿಗಳು. ಒಂದು ಕಿಟಕಿ ಉತ್ತರಿಸದಿದ್ದಾಗ ಇನ್ನೊಂದರ ಬಳಿ ಹೋಗುವ ಹಕ್ಕು ಆಕೆಗಿದೆ. ಎರಡೂ ಉತ್ತರಿಸದಿದ್ದಾಗ ಹೋಗಲು ಮೂರನೆಯ ಜಾಗವೊಂದು, ನಡೆದುಹೋಗುವಷ್ಟು ಹತ್ತಿರದಲ್ಲಿ, ಆಕೆಗೆ ಇರಬೇಕು.